ಸೇತುವೆಯ ಎತ್ತರದ ದಡ: ಜೇಮ್ಸ್ ಮಾರ್ಟಿನ್‌ರನ್ನು ಅವಲಪಲ್ಲಿಯಿಂದ ಓದುವುದು

ಜೆಸ್ವಿಟ್ ಪಾದ್ರಿ ಜೇಮ್ಸ್ ಮಾರ್ಟಿನ್‌ರ 'ಬಿಲ್ಡಿಂಗ್ ಎ ಬ್ರಿಡ್ಜ್' (2017) ಬಗ್ಗೆ ನನ್ನ ತಕರಾರು ಅದರ ರೂಪಕದ್ದು. ಕಥೋಲಿಕ ಧರ್ಮೋಪದೇಶದ 2358ನೇ ಪರಿಚ್ಛೇದದಿಂದ ಗೌರವ, ಕರುಣೆ, ಸೂಕ್ಷ್ಮತೆ ಅನ್ನೋ ಮೂರು ಪದ ತಗೊಂಡು, ಧರ್ಮಸಭೆಯೂ ಎಲ್‌ಜಿಬಿಟಿ ಜನರೂ ಪರಸ್ಪರ ಹಾಗೆ ನಡೆದುಕೊಳ್ಳಲಿ ಅಂತಾರೆ. ಸರಿ, ಆದರೆ ಅದರ ಹಿಂದಿನ ಪರಿಚ್ಛೇದವೇ ಸಲಿಂಗ ಕ್ರಿಯೆಯನ್ನು ಸ್ವಭಾವತಃ ಕ್ರಮಗೆಟ್ಟದ್ದು ಎನ್ನುತ್ತದೆ. ಒಂದು ದಡ ಎತ್ತರದಲ್ಲಿರುವಾಗ 'ಇಬ್ಬರೂ ನಡೆದು ಬನ್ನಿ' ಅಂದ್ರೆ, ಹತ್ತೋರು ಯಾರು? ಮೊದಲ ಹೊಣೆ ಧರ್ಮಸಭೆಯದ್ದೇ ಅಂತ ಮಾರ್ಟಿನ್ ಒಪ್ತಾರೆ. ಅವರ ರೂಪಕ ಒಪ್ಪಲ್ಲ.

ನಮ್ಮಲ್ಲಂತೂ 2009ರ ದೆಹಲಿ ಹೈಕೋರ್ಟ್ ತೀರ್ಪಿನ ವಿರುದ್ಧ ಸುಪ್ರೀಂ ಕೋರ್ಟಿಗೆ ಹೋದವರಲ್ಲಿ ಉತ್ಕಲ ಕ್ರಿಶ್ಚಿಯನ್ ಕೌನ್ಸಿಲ್, ಅಪೋಸ್ಟೋಲಿಕ್ ಚರ್ಚಸ್ ಅಲಯನ್ಸ್ ಕೂಡ ಇದ್ದವು. 2013ರಲ್ಲಿ 377ನೇ ಕಲಂ ಮರಳಿತು, 2018ರವರೆಗೆ ಕಾಡಿತು. ಕಂದಕವನ್ನು ವಕಾಲತ್ತು ಹಾಕಿ ಅಗೆದವರಲ್ಲಿ ಕ್ರೈಸ್ತರೂ ಇದ್ದರು.

ಹೊಸೂರಿನ ಪಕ್ಕದ ಅವಲಪಲ್ಲೀಲಿ ಇನ್ನೊಂದು ತೊಡಕು. ಕಥೋಲಿಕರು ಧರ್ಮಪುರಿ ಧರ್ಮಪ್ರಾಂತ್ಯಕ್ಕೆ ಸೇರ್ತಾರೆ. ಮನೆಮಾತು ಕನ್ನಡವೋ ತೆಲುಗೋ, ಸರ್ಕಾರದ ಭಾಷೆ ತಮಿಳು. ತಮಿಳಲ್ಲಿ 'ತಿರುನಂಗೈ' ಅನ್ನೋ ಗೌರವದ ಪದ ಇದೆ. ಅದೇ ಮಗಳನ್ನ ಮನೆಯ ಕನ್ನಡದಲ್ಲಿ ಕರೆಯೋಕೆ ಹೋದ್ರೆ ನಾಲಿಗೆಗೆ ಮೊದಲು ಬರೋದು ಬೈಗುಳ. ಅದಕ್ಕೇ ಮಾರ್ಟಿನ್‌ಗಿಂತ ನನಗೆ ಹೆಚ್ಚು ಒದಗಿದ್ದು ಎ. ರೇವತಿಯವರ ಆತ್ಮಕಥೆ, ದು. ಸರಸ್ವತಿ ಕನ್ನಡಕ್ಕೆ ತಂದ 'ಬದುಕು ಬಯಲು'. ಕ್ರೈಸ್ತ ಪುಸ್ತಕವಲ್ಲ, ನಿಜ. ಅಣ್ಣಂದಿರ ಹೊಡೆತವನ್ನೂ ಮನೆಗೆ ಮರಳುವ ಆಸೆಯನ್ನೂ ಒಟ್ಟಿಗೇ ಹೇಳುತ್ತೆ. ನಮ್ಮ ಪ್ಯಾರಿಷ್ ಯುವಕೂಟ ಮೊದಲು ಇದನ್ನ ಓದಲಿ, ಆಮೇಲೆ ಮಾರ್ಟಿನ್.