ನೀಲಿ ಗುರುತು ಯಾರನ್ನ ಕಾಯುತ್ತೆ?

ನಮ್ಮ ಭೈರವಾನಿತಿಪ್ಪದ ಕಡೆ ಮನೇಲಿ ಕನ್ನಡ, ಸಿನಿಮಾ ಅಂದ್ರೆ ತೆಲುಗೂ ಸೈ. ಹಾಗಾಗಿ ರಶ್ಮಿಕಾ ಮಂದಣ್ಣ ನಮಗೆ ಎರಡು ಕಡೆಯಿಂದಲೂ ಬೇಕಾದವರು. ವಿರಾಜಪೇಟೆಯ ಹುಡುಗಿ 2016ರಲ್ಲಿ ‘ಕಿರಿಕ್ ಪಾರ್ಟಿ’ಯಿಂದ ಕನ್ನಡಕ್ಕೆ ಬಂದರು, 2021ರ ‘ಪುಷ್ಪ’ದ ಹೊತ್ತಿಗೆ ಆಂಧ್ರದ ಮನೆಮಾತಾದರು.

ಫೋನಿನಲ್ಲಿ ಇಂಥ ನಟಿಯರ ಹೆಸರಿನ ಪಕ್ಕ ಒಂದು ನೀಲಿ ಗುರುತು ಇರುತ್ತೆ. ಅದೇನೋ ಬಿರುದು ಅಂತ ನಮ್ಮ ಹುಡುಗರು ತಿಳಿದಿದ್ದಾರೆ. ಅಲ್ಲ. ಖಾತೆ ಅವರದೇ ಅನ್ನೋದಕ್ಕಷ್ಟೇ ಅದು ಮೂಲತಃ ಸಾಕ್ಷಿಯಾಗಿತ್ತು. ದುಡ್ಡು ಕೊಟ್ಟವರಿಗೆ ಗುರುತು ಕೊಡತೊಡಗಿದ್ದ ಟ್ವಿಟರ್, 2023ರ ಏಪ್ರಿಲ್‌ನಲ್ಲಿ ಹಳೆಯ ಗುರುತುಗಳನ್ನು ಕಿತ್ತಿತು. ಅದೇ ಜೂನ್‌ನಲ್ಲಿ ಇನ್‌ಸ್ಟಾಗ್ರಾಂ, ಫೇಸ್‌ಬುಕ್‌ನವರೂ ನಮ್ಮ ದೇಶದಲ್ಲಿ ಮೊಬೈಲಿಗೆ ತಿಂಗಳಿಗೆ 699 ರೂಪಾಯಿ ಅಂದರು. ಕಲ್ಪನಾ ‘ಮಿನುಗುತಾರೆ’ ಆದದ್ದು, ಜಯಂತಿ ‘ಅಭಿನಯ ಶಾರದೆ’ ಆದದ್ದು ಪಾತ್ರಗಳಿಂದ; ಅದಕ್ಕೆ ತಿಂಗಳ ಬಾಡಿಗೆ ಇರಲಿಲ್ಲ.

ಹಾಗಂತ ಈಗಿನ ನಟಿಯರನ್ನ ಹಂಗಿಸೋದು ಸರಿಯಲ್ಲ. ಮುಖವೇ ಅವರ ಬಂಡವಾಳ. ಅದನ್ನು ಅವರೇ ಕಾಯಬೇಕು. 2023ರ ನವೆಂಬರ್‌ನಲ್ಲಿ ಬೇರೊಬ್ಬ ಹೆಣ್ಣುಮಗಳ ಮೈಗೆ ರಶ್ಮಿಕಾ ಮುಖ ಅಂಟಿಸಿದ ಸುಳ್ಳು ವಿಡಿಯೊ ಹರಿದಾಡಿತು. ನೀಲಿ ಗುರುತು ಅದನ್ನ ತಡೀಲಿಲ್ಲ. ಮುಂದಿನ ಜನವರಿಯಲ್ಲಿ ದೆಹಲಿ ಪೊಲೀಸರು ಗುಂಟೂರಿನ ಯುವಕನೊಬ್ಬನನ್ನು ಬಂಧಿಸಿದರು. ಅವನು ಅವರದೇ ಅಭಿಮಾನಿ ಪುಟ ನಡೆಸ್ತಿದ್ದನಂತೆ. ಹಿಂಬಾಲಕರನ್ನು ಹೆಚ್ಚಿಸಿಕೊಳ್ಳಲು ಹೀಗೆ ಮಾಡಿದ ಅಂತ ಪೊಲೀಸರು ಹೇಳಿದರು. ಅಭಿಮಾನವೂ ಲೆಕ್ಕದ ವ್ಯಾಪಾರವಾದ್ರೆ ಹೀಗೇ ಆಗೋದು.

ಗುರುತಿನಿಂದ ಒಂದು ಉಪಯೋಗವಾಯ್ತು. ರಶ್ಮಿಕಾ ತಮ್ಮ ಖಾತೆಯಿಂದಲೇ ಉತ್ತರ ಕೊಟ್ಟರು, ದೇಶ ಕೇಳಿಸಿಕೊಂಡಿತು. ಶಾಲೆ, ಕಾಲೇಜಿನಲ್ಲಿ ಓದುವಾಗ ಹೀಗಾಗಿದ್ದರೆ ಹೇಗೆ ಎದುರಿಸುತ್ತಿದ್ದೆನೋ ಊಹಿಸಲೂ ಆಗದು ಎಂದು ಬರೆದರು. ನನ್ನನ್ನು ಚುಚ್ಚಿದ್ದು ಆ ಮಾತು.

ಯಾಕಂದ್ರೆ ಆ ವಿಡಿಯೊವನ್ನ ನಾನೂ ಕಟ್ಟೆ ಮೇಲೆ ಕೂತು ನೋಡಿದ್ದೆ. ನಕ್ಕು ಪಕ್ಕದವನಿಗೆ ಫೋನು ದಾಟಿಸಿದ್ದೆ. ನಮ್ಮೂರಿನ ಹುಡುಗಿಯೊಬ್ಬಳ ಮುಖ ಅದರಲ್ಲಿದ್ದಿದ್ರೆ? ‘ಇದು ನಾನಲ್ಲ’ ಅಂತ ಅವಳು ಯಾವ ಖಾತೆಯಿಂದ ಹೇಳಬೇಕಿತ್ತು, ಯಾರು ನಂಬ್ತಿದ್ರು? ಅವಳ ಹೆಸರಿನ ಪಕ್ಕ ಯಾವ ಗುರುತೂ ಇಲ್ಲ. ಅವಳನ್ನ ಕಾಯಬೇಕಾದವರು ಕಟ್ಟೆ ಮೇಲೆ ಕೂತ ನಾವೇ. ಮೇಷ್ಟ್ರುಗಳು ಇದನ್ನ ಮಕ್ಕಳಿಗೆ ಒಂದು ಪಾಠದ ಹೊತ್ತು ಹೇಳಿಕೊಡಲಿ. ನಾನಂತೂ ಇನ್ನು ಇಂಥದನ್ನ ಯಾರಿಗೂ ದಾಟಿಸೋದಿಲ್ಲ.