ಹಂಗಾಮು ಮುಗಿದ ಮೇಲಿನ ಬೆಟ್ಟ

ಪುಣೆಯಲ್ಲಿ ಸಂಕ್ರಾಂತಿ ಕಳೆದರೆ ಸಾಕು, ಮರಾಠಿ ಪತ್ರಿಕೆಗಳ ತುಂಬ ಯಾತ್ರಾ ಕಂಪನಿಗಳ ಜಾಹೀರಾತು ಸುರುವಾಗುತ್ತವೆ. ಚಾರ್‌ಧಾಮ್ ಇಷ್ಟು ದಿನ, ಕಾಶ್ಮೀರ ಇಷ್ಟು ದಿನ, ಜೊತೆಗೆ ನಮ್ಮದೇ ಅಡುಗೆಯವರು. ಇಲ್ಲಿರುವ ಕನ್ನಡದವರೂ ಅದೇ ಬಸ್ಸು ಹತ್ತುತ್ತಾರೆ. ಮೇ ತಿಂಗಳಲ್ಲಿ ಹೋಗಿ ಜೂನ್ ಹೊತ್ತಿಗೆ ತಿರುಗಿ ಬರುತ್ತಾರೆ. ಬರೆಯುವ ಚಟ ಇದ್ದವರು ದೀಪಾವಳಿ ವಿಶೇಷಾಂಕಕ್ಕೋ ಸಂಘದ ಸ್ಮರಣಸಂಚಿಕೆಗೋ ಒಂದು ಪ್ರವಾಸ ಲೇಖನ ಬರೆಯುತ್ತಾರೆ. ಇಂಥವನ್ನು ವರ್ಷಗಟ್ಟಲೆ ಓದುತ್ತ ಬಂದ ನನಗೆ ಅವುಗಳ ಬಗ್ಗೆ ಒಂದು ತಕರಾರಿದೆ. ಅವುಗಳಲ್ಲಿ ಹಿಮಾಲಯಕ್ಕೆ ಚಳಿಗಾಲವೇ ಇಲ್ಲ.

ಹಿಮ ಇರುತ್ತದೆ, ಅದು ಬೇರೆ ಮಾತು. ಮಂಜಿನ ಶಿಖರ, ಕೊರೆಯುವ ನೀರು, ಕುದುರೆಯವನ ಜೊತೆ ಚೌಕಾಶಿ, ದರ್ಶನದ ಸಾಲು, ಕಣ್ಣಲ್ಲಿ ನೀರು ಎಲ್ಲ ಇರುತ್ತವೆ. ಇಲ್ಲದ್ದು ಅಂದರೆ ಬಾಗಿಲು ಮುಚ್ಚಿದ ಮೇಲಿನ ಆರು ತಿಂಗಳು. ಓದುಗನಿಗೆ ಆ ಬೆಟ್ಟದಲ್ಲಿ ಜನ ಬದುಕಿದ್ದಾರೆ ಅನ್ನುವುದಕ್ಕಿಂತ ಜನ ನಮಗಾಗಿ ಬಂದು ನಿಂತಿದ್ದಾರೆ ಅಂತ ಅನಿಸುತ್ತದೆ.

ಇದರ ಬೇರು 'ಸೀಸನ್' ಅನ್ನುವ ಮಾತಿನಲ್ಲಿಯೇ ಇದೆ. ಪುಣೆಯವರಿಗೆ ಇದು ತಿಳಿಯದ್ದಲ್ಲ. ಬ್ರಿಟಿಷರ ಕಾಲದಲ್ಲಿ ಮುಂಬಯಿ ಗವರ್ನರು ಬೇಸಿಗೆಗೆ ಮಹಾಬಳೇಶ್ವರ, ಮಳೆಗಾಲಕ್ಕೆ ಪುಣೆ ಅಂತ ಊರು ಬದಲಿಸುತ್ತಿದ್ದರು. ಧಾರವಾಡ, ಬೆಳಗಾವಿ, ಬಿಜಾಪುರ ಜಿಲ್ಲೆಗಳ ಸರ್ಕಾರವೂ ಹಾಗೆ ಅವರ ಹಿಂದೆಯೇ ಗುಡ್ಡ ಹತ್ತಿ ಇಳಿಯುತ್ತಿತ್ತು. ಗಣೇಶಖಿಂಡಿಯಲ್ಲಿ ಅವರು ಮಳೆಗಾಲ ಕಳೆಯುತ್ತಿದ್ದ ಬಂಗಲೆಯೇ 1949ರಲ್ಲಿ ಶುರುವಾದ ಪುಣೆ ವಿಶ್ವವಿದ್ಯಾಲಯದ ಮುಖ್ಯ ಕಟ್ಟಡ. ಸೀಸನ್ ಅಂದರೆ ಸಾಹೇಬ ಬರುವ ಕಾಲ. ನಮ್ಮ ಸುಗ್ಗಿ, ಹಂಗಾಮು ಹಾಗಲ್ಲ. ಅವು ಆ ನೆಲದಲ್ಲಿ ದುಡಿಯುವವನ ಮಾತು. ಬಂದವನಿಗೆ ಸೀಸನ್ ಮುಗಿಯುತ್ತದೆ, ಅಲ್ಲೇ ಇರುವವನಿಗೆ ಒಂದು ಹಂಗಾಮು ಮುಗಿದು ಇನ್ನೊಂದು ಬರುತ್ತದೆ.

ಕೇದಾರನಾಥದ ಉದಾಹರಣೆ ನೋಡಿ. ಗುಡಿ ಇರುವುದು ಸುಮಾರು 3,580 ಮೀಟರ್ ಎತ್ತರದಲ್ಲಿ. ದೀಪಾವಳಿಯ ಮುಂದಿನ ಬಿದಿಗೆ, ಮರಾಠಿಯವರ ಭಾಊಬೀಜದ ದಿನ, ಬಾಗಿಲು ಹಾಕುತ್ತಾರೆ. ದೇವರ ಪಂಚಮುಖಿ ಡೋಲಿ ದಾರಿಯಲ್ಲಿ ಎರಡು ರಾತ್ರಿ ತಂಗಿ, ಮೂರನೆಯ ದಿನ ಉಖೀಮಠಕ್ಕೆ ಬರುತ್ತದೆ. ಅದು ಮಂದಾಕಿನಿ ಕಣಿವೆಯಲ್ಲಿ, ಸುಮಾರು 1,300 ಮೀಟರ್ ಎತ್ತರದಲ್ಲಿರುವ ಊರು. ಅಲ್ಲಿನ ಓಂಕಾರೇಶ್ವರ ಗುಡಿಯಲ್ಲಿ ಚಳಿಗಾಲದುದ್ದಕ್ಕೂ ಪೂಜೆ ನಡೆಯುತ್ತದೆ. ಮತ್ತೆ ಬಾಗಿಲು ತೆಗೆಯುವ ದಿನ ಗೊತ್ತುಮಾಡುವುದೂ ಅಲ್ಲೇ, ಮಹಾಶಿವರಾತ್ರಿಯ ದಿನ. ಅಂದಮೇಲೆ ದೇವರು ಆರು ತಿಂಗಳು ಎಲ್ಲೂ ಹೋಗಿರುವುದಿಲ್ಲ. ಯಾತ್ರಾ ಲೇಖಕ ಮಾತ್ರ ಹೋಗಿರುತ್ತಾನೆ.

ಇನ್ನು ಇದು ನಮಗೆ ಪರಕೀಯ ಜಾಗವೂ ಅಲ್ಲ. ವೀರಶೈವರ ಪಂಚಪೀಠಗಳಲ್ಲಿ ಒಂದಾದ ಕೇದಾರ ಪೀಠ ಇರುವುದು ಉಖೀಮಠದಲ್ಲಿ. ಕೇದಾರನಾಥದ ರಾವಲರ ಪರಂಪರೆ ವೀರಶೈವ ಜಂಗಮರದು. ಅವರ ಅಪ್ಪಣೆಯಂತೆ ಪೂಜೆ ಮಾಡುವ ಪೂಜಾರಿಗಳೂ ದಕ್ಷಿಣದಿಂದ ಹೋದವರು. ನೇಪಾಳದ ಪಶುಪತಿನಾಥದಲ್ಲಿಯೂ ಹೀಗೇ, ಅಲ್ಲಿ ಪೂಜೆ ಕರ್ನಾಟಕದ ಭಟ್ಟರದು. ನಮ್ಮ ಪ್ರವಾಸ ಲೇಖನಗಳಲ್ಲಿ ಇವರು ಬರುವುದೇ ಇಲ್ಲ ಅಂತಲ್ಲ. 'ಕನ್ನಡದಲ್ಲಿ ಮಾತಾಡಿಸಿದೆವು, ಹತ್ತಿರದಿಂದ ದರ್ಶನ ಸಿಕ್ಕಿತು' ಅನ್ನುವ ಒಂದು ಸಾಲಿನಲ್ಲಿ ಬಂದು ಹೋಗುತ್ತಾರೆ. ಊರು ಬಿಟ್ಟು ಅಷ್ಟು ದೂರ ಹೋದ ಮನುಷ್ಯನಿಗೆ ಚಳಿಗಾಲ ಹೇಗಿರುತ್ತೆ, ಮನೆಯವರೆಲ್ಲಿ, ಮಾತು ಯಾರ ಜೊತೆ ಅಂತ ಕೇಳಿದವರು ಕಡಿಮೆ. ಕೇಳಬೇಕಾದವರು ನಾವೇ ಆಗಿದ್ದೆವು, ಯಾಕೆಂದರೆ ನಾವೂ ಊರು ಬಿಟ್ಟವರೇ.

ನಾನು ಆ ಕಡೆ ಹೋದದ್ದು ಒಂದು ಜನವರಿಯಲ್ಲಿ. ಲಾಡ್ಜುಗಳ ಶಟರು ಇಳಿದಿದ್ದವು. ಆಕಾಶ ತೊಳೆದಿಟ್ಟ ಹಾಗೆ, ಎದುರಿಗೆ ಚೌಖಂಬಾ ಶಿಖರ. ಹೆಂಗಸರು ಇಳಿಜಾರಿನಿಂದ ಹುಲ್ಲಿನ ಹೊರೆ ಹೊತ್ತು ಬರುತ್ತಿದ್ದರು, ಮುದುಕರು ಬಿಸಿಲು ಕಾಯಿಸುತ್ತಿದ್ದರು. ಮನೆಯೂಟ ಸಿಕ್ಕಿತು: ಮಂಡುವಾ ರೊಟ್ಟಿ, ಗಹತ್ ಬೇಳೆ. ಮಂಡುವಾ ಅಂದರೆ ನಮ್ಮ ರಾಗಿ, ಗಹತ್ ಅಂದರೆ ಹುರುಳಿ. ಪುಣೆಯಿಂದ ಅಡುಗೆಯವರನ್ನು ಕಟ್ಟಿಕೊಂಡು ಹೋಗಿ ಪೂರಿ-ಭಾಜಿ ತಿಂದು ಬರುವವರಿಗೆ, ಕೇದಾರದ ಕಣಿವೆಯವರು ರಾಗಿ-ಹುರುಳಿ ಉಣ್ಣುತ್ತಾರೆ ಅನ್ನೋದು ಹೇಗೆ ಗೊತ್ತಾಗಬೇಕು?

ಹಿಂದೆಯೂ ಯಾತ್ರೆ ಇತ್ತು, ಬರಹವೂ ಇತ್ತು. ಬಾಲ್ಯದ ಕೆಲ ಕಾಲ ಕಾರವಾರ, ಬೆಳಗಾವಿಯಲ್ಲಿ ಕಳೆದು, ಪುಣೆಯ ಫರ್ಗ್ಯುಸನ್ ಕಾಲೇಜಿನಲ್ಲಿ ಓದಿದ ಕಾಕಾ ಕಾಲೇಲಕರರು 1912ರಲ್ಲಿ ಹಿಮಾಲಯಕ್ಕೆ ಹೋದರು, ಆಮೇಲೆ ಗುಜರಾತಿಯಲ್ಲಿ ಅದರ ಪುಸ್ತಕ ಬರೆದರು. ಆಗ ಬಸ್ಸಿರಲಿಲ್ಲ. ನಡೆಯುವವನು ಚಟ್ಟಿ ಚಟ್ಟಿಗೂ ನಿಲ್ಲಬೇಕು, ಯಾರದೋ ಒಲೆಯ ಮುಂದೆ ಕೂಡಬೇಕು. ಬೆಟ್ಟದ ಜನರನ್ನು ನೋಡದೆ ಬರುವುದಕ್ಕೆ ಆಗ ಅನುಕೂಲವೇ ಇರಲಿಲ್ಲ. ಈಗ ಅನುಕೂಲ ಇದೆ. 2023ರ ಒಂದೇ ಹಂಗಾಮಿನಲ್ಲಿ ಕೇದಾರಕ್ಕೆ 19 ಲಕ್ಷಕ್ಕೂ ಹೆಚ್ಚು ಜನ ಹೋಗಿದ್ದರು.

ಈ ಕುರುಡಿಗೆ ಬೆಲೆ ಇದೆ. 2013ರ ಜೂನ್ 16-17ರ ಪ್ರವಾಹದಲ್ಲಿ ಸಿಕ್ಕಿಕೊಂಡ ಯಾತ್ರಿಕರ ಕಥೆಗಳು ಕನ್ನಡದಲ್ಲೂ ಮರಾಠಿಯಲ್ಲೂ ಪುಟಗಟ್ಟಲೆ ಬಂದವು, ಬರಬೇಕಾದ್ದೇ. ಆದರೆ ಗುಪ್ತಕಾಶಿಯ ಹತ್ತಿರದ ದೇವಲಿ-ಭಣಿಗ್ರಾಮ ಅನ್ನುವ ಊರಿನಿಂದ ಯಾತ್ರೆಯ ದುಡಿಮೆಗೆ ಹೋದ ಹತ್ತಾರು ಗಂಡಸರು ಮರಳಲಿಲ್ಲ. ಆ ವರ್ಷದ ಡಿಸೆಂಬರನ್ನು ಅಲ್ಲಿನ ಹೆಂಗಸರು ಹೇಗೆ ಕಳೆದರು ಅನ್ನುವ ಲೇಖನ ನಮ್ಮ ವಿಶೇಷಾಂಕಗಳಲ್ಲಿ ನನ್ನ ಕಣ್ಣಿಗೆ ಬಿದ್ದಿಲ್ಲ. ಅದು ಆಫ್ ಸೀಸನ್ನಿನ ಸುದ್ದಿ.

ಈಗ ಚಳಿಗಾಲಕ್ಕೂ ಗಿರಾಕಿ ಹುಡುಕುತ್ತಿದ್ದಾರೆ. 2024ರ ಡಿಸೆಂಬರಿನಲ್ಲಿ ಉತ್ತರಾಖಂಡ ಸರ್ಕಾರ ಚಳಿಗಾಲದ ಯಾತ್ರೆಗೆ ಉಖೀಮಠದಿಂದ ಚಾಲನೆ ಕೊಟ್ಟಿತು. 2025ರ ಮಾರ್ಚಿನಲ್ಲಿ ಗಂಗೋತ್ರಿಯ ಚಳಿಗಾಲದ ನೆಲೆಯಾದ ಮುಖಬಾಕ್ಕೆ ಬಂದ ಪ್ರಧಾನಿ, ಆ ರಾಜ್ಯದಲ್ಲಿ ಯಾವ ಕಾಲವೂ ಆಫ್ ಸೀಸನ್ ಆಗಬಾರದು ಅಂದರು. ಚಳಿಗಾಲದ ದುಡಿಮೆ ಅಲ್ಲಿನ ಹುಡುಗರಿಗೆ ಬೇಕು, ಇಲ್ಲದಿದ್ದರೆ ಅವರೂ ನಮ್ಮಂತೆ ಊರು ಬಿಡುತ್ತಾರೆ. ಆದರೆ ಬೇಸಿಗೆಯ ಬಸ್ಸುಗಳೇ, ಅದೇ ಅಡುಗೆಯವರೊಂದಿಗೆ, ಜನವರಿಯಲ್ಲೂ ಬಂದರೆ ಬೆಟ್ಟಕ್ಕೆ ಉಸಿರು ಬಿಡುವ ಕಾಲ ಯಾವುದು? ನಾವು ಬರೆಯುವವರು ಆಗಲೂ ಕ್ಯೂನಲ್ಲೇ ನಿಂತು ಬರೆಯುತ್ತೇವೆ.

ಇಷ್ಟೆಲ್ಲ ಹೇಳಿದ್ದು ಹಿಮಾಲಯದ ಸಲುವಾಗಿ ಮಾತ್ರ ಅಲ್ಲ. ಪುಣೆಯಲ್ಲಿ ಕೂತು ನಾವು ನಮ್ಮ ಊರಿನ ಬಗ್ಗೆ ಬರೆಯುವುದೂ ಹೀಗೇ. ಮೇ ರಜೆಯಲ್ಲಿ, ಜಾತ್ರೆಗೆ, ದೀಪಾವಳಿಗೆ ಊರಿಗೆ ಹೋಗುತ್ತೇವೆ. ಮನೆ ತುಂಬ ಜನ, ಮಾವಿನ ಹಣ್ಣು, ಹೋಳಿಗೆ. ಅದನ್ನೇ ಬರೆಯುತ್ತೇವೆ, ಅದೇ ಊರು ಅಂತ ಮಕ್ಕಳಿಗೂ ಹೇಳುತ್ತೇವೆ. ಆಗಸ್ಟಿನ ಕೆಸರಲ್ಲಿ ಅವ್ವ ಒಬ್ಬಳೇ ದವಾಖಾನೆಗೆ ಹೋಗಿ ಬಂದದ್ದು, ನಾಕು ಗಂಟೆಗೇ ಕದ ಹಾಕಿಕೊಳ್ಳುವ ಓಣಿ, ಒಂದು ಬಟ್ಟಲು ಅನ್ನಕ್ಕೆ ಒಲೆ ಹೊತ್ತಿಸುವ ಬೇಸರ, ಇವು ನಮ್ಮ ಬರಹದಲ್ಲಿಲ್ಲ. ಹಂಗಾಮಿ ಅಂದರೆ ತಾತ್ಪೂರ್ತಿಕ. ನಾವು ಪುಣೆಯಲ್ಲಿ ಹಂಗಾಮಿ ಅಂದುಕೊಂಡು ಮೂವತ್ತು ವರ್ಷ ಇರುತ್ತೇವೆ. ನಿಜಕ್ಕೂ ಹಂಗಾಮಿ ಆಗಿರುವುದು ಊರಿನಲ್ಲಿ.

ಊರಲ್ಲೇ ಇರುವ ಓದುಗರು ನೀವು ಇದನ್ನು ಬಲ್ಲಿರಿ, ಸಂಕೋಚಕ್ಕೆ ಹೇಳುವುದಿಲ್ಲ. ಇನ್ನು ಮೇಲೆ ಫೋನಿನಲ್ಲಿ 'ಎಲ್ಲ ಆರಾಮ, ಹಬ್ಬಕ್ಕೆ ಬರ್ರಿ' ಅನ್ನುವುದಕ್ಕಿಂತ ಮೊದಲು ಈ ವಾರ ಮಳೆ ಎಷ್ಟು ಬಂತು, ಯಾರು ಹಾಸಿಗೆ ಹಿಡಿದರು, ಯಾವ ಮನೆಗೆ ಬೀಗ ಬಿತ್ತು ಅಂತ ಹೇಳಿ. ಹಬ್ಬ ಇಲ್ಲದ ತಿಂಗಳಲ್ಲೂ ಒಮ್ಮೆ ಬಾ ಅನ್ನಿ. ಪುಣೆಯಿಂದ ಹುಬ್ಬಳ್ಳಿಗೆ ಒಂದು ರಾತ್ರಿಯ ದಾರಿ. ಆಗಸ್ಟಿನಲ್ಲಿ ಬಸ್ಸಿನ ಸೀಟೂ ಸಿಗುತ್ತದೆ.