ಖಾಲಿ ಕುರ್ಚಿ, ಹಾಡ್ಯಾಡಿ ಅಳುವ ಊರು

ಹುನಗುಂದ, ಇಳಕಲ್ ಸೀಮೆಯಲ್ಲಿ ಸಾವಾದ ಮನೆಯ ಹೆಣ್ಣುಮಕ್ಕಳು ಹಾಡ್ಯಾಡಿ ಅಳುತ್ತಾರೆ. ಲಿಂಗಾಯತರ ಮನೆಯಾದರೆ ಹೆಣವನ್ನು ಮಲಗಿಸಿರುವುದಿಲ್ಲ. ವಿಭೂತಿ ಹಚ್ಚಿ, ಹೂವಿನ ಹಾರ ಹಾಕಿ, ಗೋಡೆಗೆ ಆನಿಸಿ ಕೂಡಿಸಿರುತ್ತಾರೆ. ಎದುರಿಗೆ ಕೂತ ತಾಯಿ, ಅಕ್ಕ, ತಂಗಿ ತಮ್ಮ ದುಃಖವನ್ನು ಬಂದವರ ಮುಂದೆ ತೋಡಿಕೊಳ್ಳುವುದಿಲ್ಲ, ಕೂತಿರುವ ಅವನಿಗೇ ಹೇಳುತ್ತಾರೆ. ಬಿತ್ತೂ ಹೊತ್ತಿನ್ಯಾಗ ಕೈಬಿಟ್ಟು ಹೋದ್ಯಲ್ಲ, ಮಗಳ ಲಗ್ನ ಯಾರು ಮಾಡ್ತಾರ, ನಾ ಅಂದ ಮಾತು ಅಷ್ಟು ಮನಸಿಗೆ ಹಚ್ಚಿಕೊಂಡ್ಯಾ ಎಂದು ಕೇಳುತ್ತಾರೆ. ಅದರಲ್ಲಿ ಬೈಗುಳವೂ ಇರುತ್ತದೆ, ಮುದ್ದೂ ಇರುತ್ತದೆ, ಹಳೆಯ ಬಾಕಿಯೂ ಇರುತ್ತದೆ.

ಮನೋವೈದ್ಯ ಫ್ರಿಟ್ಜ್ ಪರ್ಲ್ಸ್ ಅಮೆರಿಕದಲ್ಲಿ ಹೆಸರುವಾಸಿ ಮಾಡಿದ ಖಾಲಿ ಕುರ್ಚಿಯ ವಿಧಾನ ಇದಕ್ಕೆ ಎಷ್ಟು ಹತ್ತಿರವೆಂದರೆ, ಗೆಸ್ಟಾಲ್ಟ್ ಥೆರಪಿಯನ್ನು ಕನ್ನಡದ ಆಪ್ತಸಮಾಲೋಚನೆಯ ಕೋಣೆಗೆ ತರುವವರು ಮೊದಲು ಅದೇ ಸೀಮೆಯ ಮರೋಳದಂಥ ಊರಿನ ಸಾವಿನ ಮನೆಯಲ್ಲಿ ಒಂದು ಹೊತ್ತು ಕೂತು ಬರಬೇಕು ಅನಿಸುತ್ತದೆ. ಮಾತಾಡದೆ ಉಳಿದ ಮಾತನ್ನು ಯಾರಿಗೆ ಆಡಬೇಕಿತ್ತೋ ಅವರಿಗೇ ಆಡಿಸುವುದು ಈ ಚಿಕಿತ್ಸೆಯ ಜೀವಾಳ. ಅದನ್ನು ನಾನು ಮನಸಾರೆ ಮೆಚ್ಚುತ್ತೇನೆ. ಆದರೆ ಅದನ್ನು ಕಲಿಸುವ ರೀತಿಯ ಬಗ್ಗೆ ನನ್ನ ತಕರಾರಿದೆ: ಪಠ್ಯದಲ್ಲಿ ಅದು ಒಂದಷ್ಟು ತಂತ್ರಗಳ ಪಟ್ಟಿಯಾಗಿ ಬರುತ್ತದೆ, ತಂತ್ರಕ್ಕೆ ಆಸರೆಯಾದ ನೆಲ ಹಿಂದೆಯೇ ಉಳಿಯುತ್ತದೆ.

ಆ ನೆಲ ಜರ್ಮನಿಯದು. 1912ರಲ್ಲಿ ಮ್ಯಾಕ್ಸ್ ವರ್ಥೈಮರ್ ಚಲನೆಯ ಭ್ರಮೆಯ ಮೇಲೆ ಪ್ರಬಂಧ ಪ್ರಕಟಿಸಿದರು. ಮನಸ್ಸು ಬಿಡಿಬಿಡಿ ಚುಕ್ಕೆಗಳನ್ನು ಕೂಡಿಸಿ ನೋಡುವುದಿಲ್ಲ, ಮೊದಲಿಗೇ ಇಡಿಯಾಗಿ ನೋಡುತ್ತದೆ ಎಂಬ ಗೆಸ್ಟಾಲ್ಟ್ ವಿಚಾರ ಅಲ್ಲಿಂದ ಬೆಳೆಯಿತು. ನೋಡುವಾಗ ಒಂದು ಮುಂದೆ ಬರುತ್ತದೆ, ಮಿಕ್ಕದ್ದು ಹಿನ್ನೆಲೆಗೆ ಸರಿಯುತ್ತದೆ. ಪರ್ಲ್ಸ್ 1926ರಲ್ಲಿ ಫ್ರಾಂಕ್‌ಫರ್ಟ್‌ನಲ್ಲಿ ಕರ್ಟ್ ಗೋಲ್ಡ್‌ಸ್ಟೈನ್ ಬಳಿ ಕೆಲಸ ಮಾಡಿದರು. ಮಹಾಯುದ್ಧದಲ್ಲಿ ಮಿದುಳಿಗೆ ಪೆಟ್ಟಾದ ಸೈನಿಕರನ್ನು ನೋಡುತ್ತಿದ್ದ ಗೋಲ್ಡ್‌ಸ್ಟೈನ್, ಗಾಯವನ್ನಷ್ಟೇ ನೋಡದೆ ಗಾಯಗೊಂಡ ಮನುಷ್ಯನನ್ನು ಇಡಿಯಾಗಿ ನೋಡಬೇಕೆಂದವರು. ಹಿಟ್ಲರ್ ಬಂದ ಮೇಲೆ 1933ರಲ್ಲಿ ಪರ್ಲ್ಸ್ ದಂಪತಿ ಜರ್ಮನಿ ಬಿಟ್ಟರು, ಆಮ್ಸ್ಟರ್‌ಡ್ಯಾಮ್ ದಾಟಿ ಜೋಹಾನ್ಸ್‌ಬರ್ಗ್ ಸೇರಿದರು. ಹೆಂಡತಿ ಲಾರಾ ಗೆಸ್ಟಾಲ್ಟ್ ಮನೋವಿಜ್ಞಾನವನ್ನು ಕ್ರಮವಾಗಿ ಓದಿದವರು. ಎಳೆಮಕ್ಕಳು ಮೊಲೆ ಬಿಟ್ಟು ಅಗಿಯಲು ಕಲಿಯುವುದನ್ನು ಗಮನಿಸಿ ಆಕೆ ಮಾಡಿದ ಟಿಪ್ಪಣಿಗಳೇ ಪರ್ಲ್ಸ್ ಮೊದಲ ಪುಸ್ತಕದ ಒಂದು ಮುಖ್ಯ ವಿಚಾರಕ್ಕೆ ಮೂಲ. ರಕ್ಷಾಪುಟದ ಮೇಲೆ ಮಾತ್ರ ಗಂಡನ ಹೆಸರು. 1951ರಲ್ಲಿ ಪರ್ಲ್ಸ್, ರಾಲ್ಫ್ ಹೆಫರ್‌ಲೈನ್, ಪಾಲ್ ಗುಡ್‌ಮನ್ ಸೇರಿ ಬರೆದ ಗ್ರಂಥ ಈ ಪದ್ಧತಿಗೆ ಹೆಸರು ಕೊಟ್ಟಿತು. ಮರುವರ್ಷ ನ್ಯೂಯಾರ್ಕಿನ ಗೆಸ್ಟಾಲ್ಟ್ ಸಂಸ್ಥೆ ಶುರುವಾಯಿತು. ಅಲ್ಲಿ ಕೊನೆಯವರೆಗೂ ಕಲಿಸುತ್ತ ಉಳಿದವರು ಲಾರಾ.

ಮುಂದೆ ಬಂದದ್ದು, ಹಿಂದೆ ಉಳಿದದ್ದು ಎಂಬುದು ಪುಸ್ತಕದ ಮಾತಾಗಿ ಕೇಳಿಸಬಹುದು. ಮರೋಳವನ್ನೇ ನೋಡಿ. ನಾಡಿಗೆ ಅದು ಗೊತ್ತಿರುವುದು ನಾರಾಯಣಪುರ ಜಲಾಶಯದ ನೀರನ್ನು 24,000 ಹೆಕ್ಟೇರಿಗೆ ಹನಿಹನಿಯಾಗಿ ಹರಿಸಲು ಹೊರಟ ರಾಮಥಾಳ-ಮರೋಳ ಯೋಜನೆಯಿಂದ. ವರದಿಗಳಲ್ಲಿ ಪೈಪು, ಪಂಪು ಮುಂದೆ ಬರುತ್ತವೆ. ಆ ಹೊಲದವನು ರಾತ್ರಿ ಯಾಕೆ ನಿದ್ದೆ ಮಾಡುವುದಿಲ್ಲ ಎಂಬುದು ಹಿನ್ನೆಲೆಯಲ್ಲಿ ಉಳಿಯುತ್ತದೆ. ಅವನು ಆಸ್ಪತ್ರೆಗೆ ಬಂದಾಗ ಇದು ತಿರುಗಿ ಇನ್ನೊಂದು ರೂಪದಲ್ಲಿ ನಡೆಯುತ್ತದೆ. ಸಮಾಲೋಚಕರಿಗೆ ನಿದ್ರಾಹೀನತೆ ಕಾಣುತ್ತದೆ. ಸೊಸೈಟಿಯ ಸಾಲ, ಮಂಗಳೂರಿಗೆ ದುಡಿಯಲು ಹೋದ ಮಗ, ಮಾತು ಬಿಟ್ಟ ಅಣ್ಣ ಕಾಣುವುದಿಲ್ಲ. ಮನುಷ್ಯನನ್ನು ಅವನ ಸುತ್ತಲಿನ ಇಡೀ ಬಯಲಿನೊಂದಿಗೆ ನೋಡು ಎನ್ನುವುದು ಗೆಸ್ಟಾಲ್ಟ್‌ನ ಅತ್ಯುತ್ತಮ ಪಾಠ. ಕೌನ್ಸೆಲಿಂಗ್ ತರಗತಿಗಳಲ್ಲಿ ಅತಿ ಬೇಗ ಮುಗಿಯುವ ಪಾಠವೂ ಅದೇ.

ಸುತ್ತಲಿನವರೊಂದಿಗಿನ ಸಂಪರ್ಕ ಕೆಡುವ ಬಗೆಗಳನ್ನು ಈ ಪಂಥ ಹೆಸರಿಟ್ಟು ಗುರುತಿಸಿದೆ. ಉತ್ತರ ಕರ್ನಾಟಕದ ಆಡುಮಾತಿಗೆ ಇವು ಹೊಸವಲ್ಲ. ಹಿರಿಯರು ಹೇಳಿದ್ದನ್ನು ಅಗಿಯದೇ ನುಂಗಿ, ಮುಂದೆ ಜೀವನಪೂರ್ತಿ 'ಮಂದಿ ಏನಂತಾರ' ಎಂದು ತನ್ನನ್ನೇ ಗದರಿಕೊಳ್ಳುವುದು ಒಂದು. ತನ್ನ ಸಿಟ್ಟನ್ನು ಎದುರಿಗಿನವರ ಮುಖದಲ್ಲಿ ಕಾಣುವುದು ಇನ್ನೊಂದು. ಹೊರಗೆ ಹೋಗಬೇಕಾದ ಸಿಟ್ಟನ್ನು ತನ್ನ ಮೇಲೇ ತಿರುಗಿಸಿಕೊಳ್ಳುವುದು ಮತ್ತೊಂದು. ಇದಕ್ಕೆ ನಮ್ಮವರು 'ಒಳಗ ಹಾಕ್ಕೊಂಡಾನ' ಎನ್ನುತ್ತಾರೆ. ಮಾತು ನೋವಿನ ಹತ್ತಿರ ಬಂದಾಗ ನಕ್ಕು ಬೇರೆ ಕಡೆ ಎಳೆಯುವುದೂ ಉಂಟು. ಇಷ್ಟನ್ನು ಒಪ್ಪಬಹುದು. ಇನ್ನೊಬ್ಬರೊಳಗೆ ಬೆರೆತು ತನ್ನ ಗಡಿ ಕಳೆದುಕೊಳ್ಳುವುದನ್ನೂ ಪರ್ಲ್ಸ್ ದೋಷದ ಸಾಲಿಗೆ ಸೇರಿಸುತ್ತಾರೆ. ಅಲ್ಲಿ ನಾನು ತಡೆಯುತ್ತೇನೆ. ಕೂಡುಕುಟುಂಬದ ಸೊಸೆ 'ನಮಗ ಹಂಗ ಅನಸ್ತೈತ್ರಿ' ಎಂದರೆ ಅದು ಯಾವಾಗಲೂ ತನ್ನತನದ ಸೋಲಲ್ಲ. 'ನಮಗ' ಅನ್ನಬೇಡ, 'ನನಗ' ಅನ್ನು ಎಂದು ತಿದ್ದುವ ಪಾಠದ ಕ್ರಮವನ್ನು ಹಾಗೇ ಹೇರಿದರೆ, ಆಕೆಯ ಕಾಲಡಿಯ ಒಂದೇ ಒಂದು ಗಟ್ಟಿ ನೆಲವನ್ನು ಕಿತ್ತಂತಾಗಬಹುದು. ಅಥವಾ ಹಾಗೆ ಹೇಳಿಸಿದಾಗಲೇ ಆಕೆಗೆ ಮೊದಲ ಬಾರಿ ಉಸಿರು ಬರಬಹುದು. ಎರಡರಲ್ಲಿ ಯಾವುದು ಎಂದು ಆಕೆಯ ಮನೆಯನ್ನು ತಿಳಿಯದೆ ಹೇಳಲಾಗದು.

ಈ ಚಿಕಿತ್ಸೆ ನಮಗೆ ನಿಜವಾಗಿ ಬೇಕಾಗಿರುವುದು ಎಲ್ಲಿ? ಕನ್ನಡದಲ್ಲಿ ಮನಸ್ಸಿನ ಕಾಯಿಲೆಗಳ ತಿಳಿವಳಿಕೆ ಹರಡಿದ ದೊಡ್ಡ ಪರಂಪರೆ ಇದೆ. 'ಮನಮಂಥನ'ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಎಂ. ಶಿವರಾಂ ಅವರಿಂದ ಹಿಡಿದು ನಿಮ್ಹಾನ್ಸ್‌ನಲ್ಲಿದ್ದ ಸಿ.ಆರ್. ಚಂದ್ರಶೇಖರ್ ಅವರವರೆಗೆ. ಆದರೆ ಸಮಾಲೋಚನೆಯ ಕೋಣೆಯಲ್ಲಿ ಇವತ್ತಿಗೂ ಉಪದೇಶದ್ದೇ ಮೇಲುಗೈ. ಧೈರ್ಯ ತಗೊಳ್ರಿ, ಅದನ್ನ ಮರೀರಿ, ಯೋಗ ಮಾಡ್ರಿ. ಗೆಸ್ಟಾಲ್ಟ್ ಸಮಾಲೋಚಕ ಹಾಗನ್ನುವುದಿಲ್ಲ. 'ಇದನ್ನ ಹೇಳುವಾಗ ನಿಮ್ಮ ಕೈ ಮುಷ್ಟಿ ಆಗೇತಿ, ನೋಡಿದ್ರಾ?' ಎಂದು ಕೇಳುತ್ತಾನೆ. ಎದಿ ಭಾರ ಆಗೇತಿ ಎಂದರೆ ಆ ಭಾರದ ಜತೆ ಸ್ವಲ್ಪ ಹೊತ್ತು ಕೂಡಲು ಹೇಳುತ್ತಾನೆ. ಹಳ್ಳಿಯವರು ಮನಸ್ಸಿನ ಸಂಕಟವನ್ನು ಎದೆ, ಹೊಟ್ಟೆ, ತಲೆಯ ಮಾತಿನಲ್ಲಿ ಹೇಳಿದಾಗ ಅದನ್ನು ತಿಳಿವಳಿಕೆಯ ಕೊರತೆ ಎಂದುಕೊಳ್ಳುವ ವೈದ್ಯರಿದ್ದಾರೆ. ಗೆಸ್ಟಾಲ್ಟ್‌ಗೆ ಅದೇ ಸರಿಯಾದ ಬಾಗಿಲು. ಪೋಲಿಯೊ ಬಡಿದು ದೇಹದ ಬಹುಪಾಲು ಚಲನೆ ಕಳೆದುಕೊಂಡಿದ್ದ ಮನೋವೈದ್ಯ ಆರ್ನಾಲ್ಡ್ ಬೈಸರ್ 1970ರಲ್ಲಿ ಈ ಪದ್ಧತಿಯ ತಿರುಳನ್ನು ತೋರಿಸಿಕೊಟ್ಟರು: ತಾನು ಅಲ್ಲದ್ದು ಆಗಲು ಹೆಣಗುವವನು ಬದಲಾಗುವುದಿಲ್ಲ, ಇರುವುದನ್ನು ಪೂರಾ ಇರಲು ಬಿಟ್ಟಾಗ ಬದಲಾವಣೆ ಬರುತ್ತದೆ ಎಂಬುದು ಅವರ ವಾದ. ಅಂಥ ಬಾಳಿನಿಂದ ಬಂದ ಮಾತಾದ್ದರಿಂದ ಅದಕ್ಕೆ ತೂಕವಿದೆ.

ಈಗ ಕುರ್ಚಿಗೆ ಬರೋಣ. ಪರ್ಲ್ಸ್ ಇದನ್ನು ಜೇಕಬ್ ಮೊರೆನೊ ಅವರ ಮನೋನಾಟಕದಿಂದ ಪಡೆದರು. ಒಂದು ಸಂದರ್ಭ ಕಲ್ಪಿಸಿಕೊಳ್ಳಿ. ಹುನಗುಂದ ಕಡೆಯ ಯುವಕ, ಗೋವಾದಲ್ಲಿ ಕಟ್ಟಡದ ಕೆಲಸ. ಅಪ್ಪ ತೀರಿಕೊಂಡ ಸುದ್ದಿ ಕೇಳಿ ಬರುವಷ್ಟರಲ್ಲಿ ಮಣ್ಣಾಗಿ ಹೋಗಿದೆ. ಹೋಗುವ ಮುಂಚೆ ಹೊಲದ ವಿಷಯಕ್ಕೆ ಜಗಳವಾಗಿತ್ತು. ಅವನು ಅಳಲಿಲ್ಲ, ಗಂಡಸರಿಗೆ ಹಾಡ್ಯಾಡಿ ಅಳುವ ಪದ್ಧತಿಯೇ ಇಲ್ಲ. ಎರಡು ವರ್ಷದ ಮೇಲೆ ಕುಡಿತ ಹೆಚ್ಚಾಗಿ ಸಮಾಲೋಚನೆಗೆ ಬಂದಿದ್ದಾನೆ. ಎದುರಿನ ಖಾಲಿ ಕುರ್ಚಿಯಲ್ಲಿ ಅಪ್ಪ ಕೂತಿದ್ದಾನೆ ಎಂದು ತಿಳಿದು ಮಾತಾಡು ಎನ್ನುತ್ತಾರೆ ಸಮಾಲೋಚಕರು. ಮೊದಲು ನಾಚಿಕೆ, ಆಮೇಲೆ 'ಅಪ್ಪಾ, ನಾ ಬರೂದ್ರಾಗ ಹೋಗಿಬಿಟ್ಟಿ' ಎಂಬ ಒಂದು ವಾಕ್ಯ, ಅದರ ಹಿಂದೆ ಸಿಟ್ಟು, ಸಿಟ್ಟಿನ ಅಡಿಯಲ್ಲಿ ಬೇಡಿಕೆ. ನಂತರ ಅವನನ್ನೇ ಆ ಕುರ್ಚಿಯಲ್ಲಿ ಕೂಡಿಸಿ ಅಪ್ಪನಾಗಿ ಉತ್ತರ ಕೊಡಲು ಹೇಳುತ್ತಾರೆ. ಇಲ್ಲಿಯೇ ಕುರ್ಚಿ ಅಳುಹಾಡಿಗಿಂತ ಬೇರೆಯಾಗುವುದು. ಸಾವಿನ ಮನೆಯಲ್ಲಿ ಕೇಳಿದ ಪ್ರಶ್ನೆಗೆ ಉತ್ತರವಿಲ್ಲ. ಕುರ್ಚಿ ಬದಲಿಸಿದಾಗ ಮಗನ ಬಾಯಿಂದಲೇ ಅಪ್ಪ ಮಾತಾಡಬೇಕಾಗುತ್ತದೆ, ಆಗ ಅಪ್ಪನ ಮುಖ ಕೊಂಚ ಬದಲಾಗಿ ಕಾಣಬಹುದು.

ಇದಕ್ಕೆ ಪುರಾವೆಯೂ ಇದೆ. ಸಾಂಡ್ರಾ ಪೈವಿಯೊ, ಲೆಸ್ಲಿ ಗ್ರೀನ್‌ಬರ್ಗ್ 1995ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಆಪ್ತರೊಂದಿಗಿನ ಹಳೆಯ ನೋವು ಉಳಿಸಿಕೊಂಡಿದ್ದ 34 ಜನರಲ್ಲಿ ಖಾಲಿ ಕುರ್ಚಿಯ ಚಿಕಿತ್ಸೆ ಪಡೆದವರಿಗೆ, ಬರೀ ತಿಳಿವಳಿಕೆ ಪಡೆದವರಿಗಿಂತ ಹೆಚ್ಚು ಗುಣ ಕಂಡಿತು. ಗ್ರೀನ್‌ಬರ್ಗ್ ಮುಂದೆ ತೋರಿಸಿದ್ದು ಇನ್ನೂ ಮುಖ್ಯ: ಕೂಗಾಡಿ ಸಿಟ್ಟು ಹೊರಹಾಕಿದ ಮಾತ್ರಕ್ಕೆ ಗುಣವಾಗುವುದಿಲ್ಲ, ನನಗೆ ನಿನ್ನಿಂದ ಏನು ಬೇಕಿತ್ತು ಎಂದು ಹೇಳಲು ಸಾಧ್ಯವಾದವರಿಗೆ, ಎದುರಿನವರನ್ನು ಹೊಸದಾಗಿ ನೋಡಲು ಸಾಧ್ಯವಾದವರಿಗೆ ಹೆಚ್ಚು ಪ್ರಯೋಜನ. ದಿಂಬಿಗೆ ಗುದ್ದಿಸಿ ಸಿಟ್ಟು ಇಳಿಸುವ ಹಳೆಯ ವ್ಯಾಯಾಮವನ್ನು ಕೈಬಿಡುವುದು ಒಳ್ಳೆಯದು. ಸಿಟ್ಟು ತಂದವನನ್ನೇ ನೆನೆಯುತ್ತ ಚೀಲಕ್ಕೆ ಗುದ್ದಿದವರ ಸಿಟ್ಟು ಏರಿತೆಂದು ಬ್ರಾಡ್ ಬುಶ್‌ಮನ್ 2002ರಲ್ಲಿ ವರದಿ ಮಾಡಿದ್ದಾರೆ. ಮುಗಿಯದ ಕೆಲಸ ನೆನಪಿನಲ್ಲಿ ಹೆಚ್ಚು ಉಳಿಯುತ್ತದೆ ಎಂಬ ಬ್ಲೂಮಾ ಜೈಗಾರ್ನಿಕ್ ಅವರ 1927ರ ಪ್ರಯೋಗವನ್ನೂ ಪಠ್ಯಗಳು ಈ ವಿಧಾನದ ಬುನಾದಿಯೆಂಬಂತೆ ಹೇಳುತ್ತವೆ, ಆದರೆ ನಂತರದವರಿಗೆ ಅದೇ ಫಲಿತಾಂಶ ಎಲ್ಲ ಕಡೆ ಸಿಗಲಿಲ್ಲ.

ಪರ್ಲ್ಸ್ ಕೆಲಸ ಮಾಡುವ ರೀತಿಯನ್ನು ಕಣ್ಣಾರೆ ನೋಡಬೇಕೆಂದರೆ 1965ರಲ್ಲಿ ಬಂದ ಚಿತ್ರವಿದೆ. ಗ್ಲೋರಿಯಾ ಎಂಬ ಮಹಿಳೆ ಕಾರ್ಲ್ ರೋಜರ್ಸ್, ಪರ್ಲ್ಸ್, ಆಲ್ಬರ್ಟ್ ಎಲ್ಲಿಸ್ ಮೂವರ ಎದುರೂ ಕೂತು ಮಾತಾಡುತ್ತಾಳೆ. ಪರ್ಲ್ಸ್ ಆಕೆಯ ನಗು, ಕೈಯ ಆಟ, ಕಾಲಿನ ಅಲುಗಾಟವನ್ನು ಬಿಡದೆ ಎತ್ತಿ ತೋರಿಸುತ್ತಾರೆ, ಭಯವೆಂದು ಹೇಳುತ್ತ ನಗುತ್ತಿದ್ದೀಯೆಂದು ಕೆಣಕುತ್ತಾರೆ, ನಟನೆ ಎನ್ನುತ್ತಾರೆ. ಅವರ ಕಣ್ಣು ಎಷ್ಟು ಚುರುಕು ಎಂದು ಬೆರಗಾಗುತ್ತದೆ. ಅಷ್ಟೇ ಬಲವಾಗಿ, ಈ ಹೆಣ್ಣುಮಗಳಿಗೆ ಗೌರವ ಸಿಗುತ್ತಿಲ್ಲ ಎಂಬ ಸಂಕಟವೂ ಆಗುತ್ತದೆ. ಆಕೆ ಅದನ್ನು ಅವರಿಗೇ ಹೇಳುತ್ತಾಳೆ ಕೂಡ. ಅಮೆರಿಕದ ಹೆಣ್ಣುಮಗಳು ಎದುರಾಡಿದಳು. ಇಳಕಲ್‌ನಿಂದ ಬಸ್ಸು ಹಿಡಿದು ಬಂದ ನೇಕಾರರ ಮನೆಯ ಹೆಂಗಸು 'ಹೌದ್ರೀ ಸಾಹೇಬ್ರ' ಎಂದು ತಲೆ ತಗ್ಗಿಸುತ್ತಾಳೆ, ಮುಂದಿನ ಸಲ ಬರುವುದಿಲ್ಲ. ಮಾರ್ಟನ್ ಲೀಬರ್ಮನ್, ಇರ್ವಿನ್ ಯಾಲಮ್, ಮ್ಯಾಥ್ಯೂ ಮೈಲ್ಸ್ ಸ್ಟ್ಯಾನ್‌ಫರ್ಡ್‌ನ ಗುಂಪುಗಳನ್ನು ಅಧ್ಯಯನ ಮಾಡಿ, ಕೆಣಕಿ ಎದುರುಗೊಳ್ಳುವ ಆವೇಶದ ನಾಯಕರಿದ್ದಲ್ಲಿ ಹಾನಿಗೊಂಡವರು ಹೆಚ್ಚೆಂದು 1973ರಲ್ಲಿ ತೋರಿಸಿದರು. ಈ ಎಚ್ಚರಿಕೆ ಪ್ರತಿ ತರಬೇತಿಯ ಮೊದಲ ದಿನವೇ ಹೇಳಬೇಕಾದದ್ದು.

ಭಾರತೀಯ ರೋಗಿ ಚಿಕಿತ್ಸಕನಲ್ಲಿ ಹಿರಿಯನನ್ನು ಹುಡುಕುತ್ತಾನೆ ಎಂದು ಮನೋವೈದ್ಯ ಜೆ.ಎಸ್. ನೆಕಿ 1973ರಲ್ಲಿ ಗುರು-ಶಿಷ್ಯ ಸಂಬಂಧವನ್ನೇ ಚಿಕಿತ್ಸೆಯ ಮಾದರಿಯಾಗಿ ಚರ್ಚಿಸಿದರು. ನೆಕಿ ಮಾತನ್ನು ನಾನು ಅರ್ಧ ಒಪ್ಪುತ್ತೇನೆ. ಹಿರಿಯನ ಜಾಗವನ್ನು ತುಂಬಿಯೂ ಉಪದೇಶ ಮಾಡದಿರುವುದು ಸಾಧ್ಯ, ಅದು ಕಷ್ಟದ ಕಲೆ. ಮರೋಳದಿಂದ ದೂರವಿಲ್ಲದ ಕೂಡಲಸಂಗಮದ ಬಸವಣ್ಣ ತನ್ನ ದೇವರನ್ನು ಎದುರಿಗಿಟ್ಟುಕೊಂಡು ಬೇಡುತ್ತ, ಬೈಯುತ್ತ, ತನ್ನ ಕುಂದನ್ನು ಹೇಳುತ್ತ ವಚನ ಕಟ್ಟಿದ್ದು ನೆನಪಾಗುತ್ತದೆ. ಅದನ್ನು ಹಿಡಿದು ಗೆಸ್ಟಾಲ್ಟ್ ನಮ್ಮಲ್ಲಿ 12ನೆಯ ಶತಮಾನದಲ್ಲೇ ಇತ್ತು ಎಂದು ಎದೆಯುಬ್ಬಿಸುವವರ ಜತೆ ನಾನಿಲ್ಲ. ವಚನದ ಗುರಿ ಬೇರೆ. ಆದರೆ ನೇರವಾಗಿ ಕರೆದು ಮಾತಾಡುವುದು ಈ ನೆಲದ ಜನಕ್ಕೆ ಹೊಸದಾಗಿ ಕಲಿಸಬೇಕಾದ ವಿದ್ಯೆಯಲ್ಲ ಎಂಬಷ್ಟನ್ನು ಸಮಾಲೋಚಕರು ಅರಿತರೆ ಸಾಕು. ಗಂಡನ ಹೆಸರು ಹಿಡಿಯದ ವಿಧವೆ ಖಾಲಿ ಜಾಗಕ್ಕೆ 'ರೀ' ಎಂದೇ ಕರೆಯಲಿ. ಕುರ್ಚಿಯೇ ಬೇಕೆಂದಿಲ್ಲ, ಚಾಪೆಯ ಮೇಲೆ ಎದುರುಬದುರು ಕೂತರೂ ಆದೀತು.

ಇವೆಲ್ಲ ನಡೆಯಬೇಕಾದದ್ದು ಎಲ್ಲಿ ಎಂಬ ಪ್ರಶ್ನೆ ಉಳಿಯುತ್ತದೆ. 1985ರಲ್ಲಿ ಬಳ್ಳಾರಿಯಲ್ಲಿ ನಿಮ್ಹಾನ್ಸ್ ನಡೆಸಿದ ಪ್ರಯೋಗ ಮುಂದೆ ದೇಶದ ಜಿಲ್ಲಾ ಮಾನಸಿಕ ಆರೋಗ್ಯ ಕಾರ್ಯಕ್ರಮಕ್ಕೆ ಮಾದರಿಯಾಯಿತು. ಅದರ ಕಸುವು ಗುಳಿಗೆಯನ್ನು ಹಳ್ಳಿಗೆ ಮುಟ್ಟಿಸಿದ್ದರಲ್ಲಿ. ಮಾತಿನ ಚಿಕಿತ್ಸೆ ಅಷ್ಟು ದೂರ ಬರಲಿಲ್ಲ. 2022ರ ಅಕ್ಟೋಬರ್‌ನಿಂದ ಟೆಲಿ-ಮಾನಸ್‌ನ 14416ಕ್ಕೆ ಮರೋಳದಿಂದಲೂ ಫೋನ್ ಮಾಡಬಹುದು. ಫೋನಿನಲ್ಲಿ ಮುಷ್ಟಿ ಕಾಣುವುದಿಲ್ಲ, ಉಸಿರು ಬಿಗಿದದ್ದು ಕಾಣುವುದಿಲ್ಲ, ಅಳು ಮಿತಿ ಮೀರಿದರೆ ಪಕ್ಕದಲ್ಲಿ ಯಾರಿದ್ದಾರೆಂಬುದೂ ಗೊತ್ತಾಗುವುದಿಲ್ಲ. ಸಾವಿನ ಮನೆಯಲ್ಲಿ ಅಳುವವಳು ಬಿದ್ದರೆ ಹಿಡಿಯಲು ನಾಲ್ಕು ಕೈಗಳಿರುತ್ತವೆ, ನೀರು ಕುಡಿಸುವವರಿರುತ್ತಾರೆ. ಆದ್ದರಿಂದ ಫೋನಿನ ಮೇಲೆ ಖಾಲಿ ಕುರ್ಚಿಯ ಪ್ರಯೋಗ ಬೇಡ. ಆತ್ಮಹತ್ಯೆಯ ಆಲೋಚನೆ ಇರುವವರಿಗೆ, ಭ್ರಮೆ ಕಾಣುವವರಿಗೆ ಎದುರುಕೂತಾಗಲೂ ಬೇಡ. ಅವರಿಗೆ ಮೊದಲು ಮನೋವೈದ್ಯರು ಬೇಕು. ಮಿಕ್ಕವರೊಂದಿಗೆ, ತಾಲೂಕು ಆಸ್ಪತ್ರೆಯ ಕೋಣೆಯಲ್ಲಿ, ಮನೆಯವರೊಬ್ಬರು ಹೊರಗಿನ ಬೆಂಚಿನ ಮೇಲೆ ಕೂತಿರುವಾಗ, ಮೂರು ನಾಲ್ಕು ಭೇಟಿಗಳಲ್ಲಿ ನಂಬಿಕೆ ಕೂಡಿದ ಮೇಲೆ ಇದನ್ನು ಮಾಡಬಹುದು. ಅಲ್ಲಿಯವರೆಗೆ 'ಈಗ ಇದನ್ನ ಹೇಳುವಾಗ ಎದಿಯಾಗ ಏನಾಗಾಕತ್ತೈತಿ?' ಎಂದು ಕೇಳಿ, ಉತ್ತರ ಬರುವತನಕ ಸುಮ್ಮನೆ ಕಾಯುವುದಕ್ಕೆ ಯಾವ ಕುರ್ಚಿಯೂ ಬೇಕಿಲ್ಲ, ಅದು ಫೋನಿನಲ್ಲೂ ಆಗುತ್ತದೆ.